ರೋಮಾ ಬಡಾವಣೆಯಲ್ಲಿ ಫೋಟೋ ತೆಗೆಯಬೇಕು, ಶುರು ಮಾಡುವುದು ಹೇಗೆ?

ಕೊಶಿತ್ಸೆ_ಕನ್ನಡಿಗ:
ಕೆಲಸದ ಮೇಲೆ ಸ್ಲೊವಾಕಿಯಾದ ಕೊಶಿತ್ಸೆ ಊರಿಗೆ ಬಂದು ನೆಲೆಸಿದ್ದೇನೆ. ಇಲ್ಲಿ ಲುನಿಕ್ 9 ಅಂತ ಒಂದು ಬಡಾವಣೆ ಇದೆ. ಹೆಚ್ಚುಕಡಿಮೆ ಪೂರ್ತಿ ರೋಮಾ ಜನರೇ, ಅಂದರೆ ಜಿಪ್ಸಿಗಳು ಅಂತ ಹೊರಗಿನವರು ಕರೆಯುತ್ತಿದ್ದವರು. ಕಮ್ಯುನಿಸ್ಟ್ ಕಾಲದ ಕಾಂಕ್ರೀಟ್ ಕಟ್ಟಡಗಳು, ಬಾಕಿ ಕಟ್ಟಿಲ್ಲ ಅಂತ ಎಷ್ಟೋ ಮನೆಗಳಿಗೆ ನೀರು, ಗ್ಯಾಸ್ ಕಡಿದಿದ್ದಾರೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಬಂದು ಹೋದ ಜಾಗ ಇದೇ. ಆಫೀಸಿನಲ್ಲಿ ಹೆಸರೆತ್ತಿದರೆ "ಅಲ್ಲಿಗೆ ಯಾಕೆ ಹೋಗ್ತೀಯ" ಅಂತ ಮುಖ ಸಿಂಡರಿಸುತ್ತಾರೆ. ಒಂದೆರಡು ಮನೆಯವರ ಪರಿಚಯ ಆಗಿದೆ, ಕಾಫಿ ಕುಡಿದು ಬಂದಿದ್ದೇನೆ, ಕ್ಯಾಮೆರಾ ಮಾತ್ರ ಇನ್ನೂ ಬ್ಯಾಗಿನಲ್ಲೇ ಇದೆ. ಯಾವುದಾದರೂ ಸಂಸ್ಥೆಯ ಮೂಲಕ ಹೋಗಬೇಕಾ, ನೇರವಾಗಿಯಾ? ದುಡ್ಡು ಕೇಳಿದರೆ? ಭಾರತದವನು ಅನ್ನುವುದು ಕೆಲಸಕ್ಕೆ ಬರುತ್ತಾ?

ಕತ್ತಲೆಕೋಣೆ:
ಬರುತ್ತೆ, ಮೊದಲ ಹತ್ತು ನಿಮಿಷಕ್ಕೆ. ಪೂರ್ವಿಕರು ಭಾರತದಿಂದ ಹೊರಟವರು ಅಂತ ಅವರಿಗೂ ಗೊತ್ತು, ಬಾವುಟದಲ್ಲಿ ಚಕ್ರವೇ ಇದೆಯಲ್ಲ. ಆದರೆ ಸಾವಿರ ವರ್ಷದ ಹಿಂದಿನ ನೆಂಟಸ್ತನ ಹೇಳಿಕೊಂಡು ಇವತ್ತು ಯಾರ ಅಡುಗೆಮನೆಗೂ ನುಗ್ಗುವುದಕ್ಕೆ ಆಗಲ್ಲ.

ನೀವಿರುವ ಆ ಪೂರ್ವ ಸ್ಲೊವಾಕಿಯಾದಲ್ಲೇ ಜೆಕ್ ಛಾಯಾಗ್ರಾಹಕ ಯೋಸೆಫ್ ಕೌಡೆಲ್ಕಾ 1960ರ ದಶಕದಲ್ಲಿ ರೋಮಾ ಕೇರಿಗಳನ್ನು ಸುತ್ತಿದ್ದು. ವಿಮಾನದ ಎಂಜಿನಿಯರ್ ಆಗಿದ್ದವರು, ಕೆಲಸ ಬಿಟ್ಟರು. 25 ಎಂಎಂನ ಅಗಲ ನೋಟದ ಲೆನ್ಸ್ ಹಾಕಿಕೊಂಡು ಇಕ್ಕಟ್ಟಾದ ಕೋಣೆಗಳಲ್ಲಿ ತೆಗೆದ ಚಿತ್ರಗಳು ಅವು. ಅಂಥ ಲೆನ್ಸಿಗೆ ಎದುರಿನವರ ಪಕ್ಕಕ್ಕೇ ಹೋಗಿ ನಿಲ್ಲಬೇಕು, ಕದ್ದು ತೆಗೆಯುವ ಮಾತೇ ಇಲ್ಲ. ಎಷ್ಟೋ ಚಿತ್ರಗಳಲ್ಲಿ ಜನ ಕ್ಯಾಮೆರಾವನ್ನೇ ನೋಡುತ್ತಾ ನಿಂತಿದ್ದಾರೆ. ಪುಸ್ತಕ ಬಂದದ್ದು 1975ರಲ್ಲಿ, ಅಷ್ಟು ಹೊತ್ತಿಗೆ ಅವರು ದೇಶ ಬಿಟ್ಟೇ ಆಗಿತ್ತು. ಜೂಮ್ ಲೆನ್ಸ್ ಮನೆಯಲ್ಲಿಡಿ.

ಹರಿಹರದವಳು:
ನಾನು ಜಪಾನಿನ ಮಿನಮಾಟ ಊರಿನ ಚಿತ್ರಗಳನ್ನು ನೋಡಿ ಅನ್ನುತ್ತೇನೆ. ಚಿಸ್ಸೊ ಕಂಪನಿ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ಮೈ ಸೇರಿತು. ಮೊದಮೊದಲು ಇದು ಅಂಟುರೋಗ ಅಂತ ನೆರೆಯವರೇ ರೋಗಿಗಳನ್ನು ದೂರ ಇಟ್ಟರು, ಆಮೇಲೆ ಪರಿಹಾರ ಕೇಳಿದಾಗ ಊರಿಗೆ ಅನ್ನ ಹಾಕುವ ಕಾರ್ಖಾನೆಗೇ ಕಲ್ಲು ಹಾಕ್ತೀರಾ ಅಂತ ಬೈದರು. 1971ರಲ್ಲಿ ಅಮೆರಿಕದ ಛಾಯಾಗ್ರಾಹಕ ಯುಜೀನ್ ಸ್ಮಿತ್, ಹೆಂಡತಿ ಐಲೀನ್ ಅಲ್ಲೇ ಬಾಡಿಗೆ ಮನೆ ಮಾಡಿ ವರ್ಷಗಟ್ಟಲೆ ಇದ್ದರು. ಐಲೀನ್‌ಗೆ ಜಪಾನಿ ಭಾಷೆ ಬರುತ್ತಿತ್ತು, ಅದಿಲ್ಲದೆ ಏನೂ ನಡೆಯುತ್ತಿರಲಿಲ್ಲ. ನಿಮಗೆ ಸ್ಲೊವಾಕ್ ಬರುತ್ತಾ? 1972ರ ಜನವರಿಯಲ್ಲಿ ರೋಗಿಗಳ ಜೊತೆ ಹೋದಾಗ ಸ್ಮಿತ್‌ಗೂ ಕಂಪನಿ ಕಡೆಯವರಿಂದ ಏಟು ಬಿತ್ತು, ಕಣ್ಣಿಗೆ ಪೆಟ್ಟಾಯಿತು.

ತಾಯಿಯೊಬ್ಬರು ಅಂಗವಿಕಲ ಮಗಳಿಗೆ ಸ್ನಾನ ಮಾಡಿಸುವ ಆ ಪ್ರಸಿದ್ಧ ಚಿತ್ರ ಅಲ್ಲಿಯದೇ. ಮಗಳು ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಅವಳು ಇನ್ನಾದರೂ ವಿಶ್ರಾಂತಿ ತೆಗೆದುಕೊಳ್ಳಲಿ ಅಂತ ಅಪ್ಪ ಅಮ್ಮನಿಗೆ ಅನ್ನಿಸಿತು. 1998ರಲ್ಲಿ ಐಲೀನ್ ಆ ಚಿತ್ರದ ಬಳಕೆಯ ನಿರ್ಧಾರವನ್ನು ಅವರಿಗೇ ಬಿಟ್ಟುಕೊಟ್ಟರು. ಒಮ್ಮೆ ಹೂಂ ಅಂದರೆ ಕೊನೆವರೆಗೂ ಹೂಂ ಅಂತಲ್ಲ.

ಗಡಿನಾಡು:
ಮೇಲಿನ ಇಬ್ಬರದೂ ಸರಿ, ಆದರೆ ಜಾಸ್ತಿ ಆರಾಧನೆ ಆಯಿತು ಅನ್ನಿಸುತ್ತೆ. ಅಮೆರಿಕದ ಛಾಯಾಗ್ರಾಹಕಿ ಮೇರಿ ಎಲೆನ್ ಮಾರ್ಕ್ ಕೂಡ ಮುಂಬೈನ ವೇಶ್ಯಾವಾಟಿಕೆಯ ಬೀದಿಯಾದ ಫಾಕ್‌ಲ್ಯಾಂಡ್ ರೋಡಿನಲ್ಲಿ ಚಿತ್ರ ತೆಗೆಯಲು ಹತ್ತು ವರ್ಷ ಪ್ರಯತ್ನಪಟ್ಟರು, ಅಲ್ಲಿನ ಹೆಂಗಸರು ಕಸ ಎಸೆದರು, ನೀರು ಎರಚಿದರು. 1978ರಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ ಬಾಗಿಲು ತೆರೆಯಿತು, 1981ರಲ್ಲಿ ಬಣ್ಣದ ಪುಸ್ತಕ ಬಂತು. ಛಾಯಾಗ್ರಾಹಕಿಯ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ನಾನು ಬೆಳಗಾವಿ ಜಿಲ್ಲೆಯವನು. ನಮ್ಮ ಕಡೆಯಿಂದ ದೇವದಾಸಿ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ಮುಂಬೈನ ಅಂಥ ಬೀದಿಗಳಿಗೇ ಸೇರಿದ್ದು. ಹಾಗಾಗಿ ಆ ಚಿತ್ರಗಳನ್ನು ನೋಡಿದಾಗ, ಈಕೆ ಸ್ನೇಹಕ್ಕೆ ಒಪ್ಪಿದಳಾ, ಅಮೆರಿಕದ ಅಂಗಡಿಯಲ್ಲಿ ತನ್ನ ಮುಖ ಮಾರಾಟಕ್ಕಿರುವುದಕ್ಕೂ ಒಪ್ಪಿದಳಾ ಅಂತಲೇ ಯೋಚನೆ ಬರುತ್ತೆ. ಚಿತ್ರ ಎಲ್ಲಿ ಹಾಕ್ತೀರಿ ಅಂತ ಮೊದಲೇ ಹೇಳಿ, ಫೋನಿನಲ್ಲಿ ತೋರಿಸಿ.

ಕೊಶಿತ್ಸೆ_ಕನ್ನಡಿಗ:
ಸ್ಲೊವಾಕ್ ಅಲ್ಪಸ್ವಲ್ಪ ಬರುತ್ತೆ, ಕ್ಲಾಸಿಗೆ ಹೋಗುತ್ತಿದ್ದೇನೆ. ಭಾನುವಾರ ಒಂದು ಮನೆಯಲ್ಲಿ ಮಗುವಿನ ದೀಕ್ಷಾಸ್ನಾನ ಇದೆ, ಬಂದು ಫೋಟೋ ತೆಗಿ ಅಂತ ಅವರೇ ಕರೆದಿದ್ದಾರೆ. ಕಪ್ಪು-ಬಿಳುಪು ಫಿಲ್ಮ್ ಮಾತ್ರ ಒಯ್ಯೋಣ ಅಂದುಕೊಂಡಿದ್ದೆ.

ಕತ್ತಲೆಕೋಣೆ:
ಬೇಡ ಮಾರಾಯ್ರೆ! ಫ್ಲ್ಯಾಶ್ ತೆಗೆದುಕೊಂಡು ಹೋಗಿ, ಬಣ್ಣದಲ್ಲೇ ತೆಗೆಯಿರಿ. ಅಜ್ಜಿ ಅಜ್ಜಂದಿರನ್ನು ನಡುವೆ ಕೂರಿಸಿ ಗ್ರೂಪ್ ಫೋಟೋ, ಯಾರನ್ನೂ ಬಿಡಬೇಡಿ. ಮುಂದಿನ ವಾರ ಪ್ರಿಂಟ್ ಹಾಕಿಸಿ ಮನೆಗೊಂದರಂತೆ ಕೊಡಿ. ದುಡ್ಡಿನ ಮಾತು ಬಂದರೆ ಆಗ ನೋಡೋಣ.