ಖಾಲಿ ಪಿಸ್ತೂಲು, ಒಂದು ನಾಣ್ಯ

ಗುಂಪು: ದೊಡ್ಡಮನೆ ಬಳಗ

ಕಿರಣ: ಮಹೇಶಣ್ಣ, ಈ ವಿಡಿಯೊ ನೋಡಿ. ಸೊಂಟದಿಂದ ಪಿಸ್ತೂಲು ತೆಗೆದು ಕಣ್ಣು ಮಿಟುಕಿಸುವುದರೊಳಗೆ ಎರಡು ಗುಂಡು! ಮನೆಯ ರೂಮಿನಲ್ಲೇ ಖಾಲಿ ಪಿಸ್ತೂಲು ಹಿಡಿದು ಕಲಿತದ್ದಂತೆ. ನೀವೂ ಡಲ್ಲಾಸ್‌ನಲ್ಲಿ ಹೀಗೇ ಪ್ರಾಕ್ಟೀಸ್ ಮಾಡುತ್ತೀರಾ?

ಶೈಲಕ್ಕ: ಕಿರಣ, ನಾಮಕರಣದ ಫೋಟೊ ಹಾಕುವ ಗುಂಪು ಇದು. ಇಲ್ಲಿ ಇದೆಲ್ಲ ಯಾಕೆ? ಮಹೇಶ, ನೀನು ಪಿಸ್ತೂಲು ಇಟ್ಟುಕೊಂಡಿದ್ದೀಯಾ? ನನಗೆ ಹೇಳಲೇ ಇಲ್ಲ.

ಮಹೇಶ: ಎರಡು ವರ್ಷ ಆಯಿತು ಅಕ್ಕ. ಪಕ್ಕದ ಬೀದಿಯ ಮನೆಗೆ ರಾತ್ರಿ ಬಾಗಿಲು ಒಡೆದು ನುಗ್ಗಿದ್ದರು. ಆಮೇಲೆ ತಗೊಂಡೆ. ಎಲ್ಲ ಕಾನೂನು ಪ್ರಕಾರವೇ ಇದೆ.

ಕಿರಣ: ನಾನು ಮುಂದಿನ ವರ್ಷ ಅಲ್ಲಿಗೆ ಬಂದರೆ ನಾನೂ ತಗೊಳ್ಳಬಹುದಾ?

ಮಹೇಶ: ನೀನು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಬರುತ್ತೀಯ. ಆ ವೀಸಾದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಅದು ಅಮೆರಿಕದ ಕೇಂದ್ರದ ಕಾನೂನು. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಆದರೆ ಸುಮ್ನೆ ಅದರ ತಂಟೆಗೆ ಹೋಗಬೇಡ. ನಾನು ಗ್ರೀನ್ ಕಾರ್ಡ್ ಬಂದ ಮೇಲೆ ತಗೊಂಡದ್ದು.

ಶೈಲಕ್ಕ: ಕಾನೂನು ಇರಲಿ. ನಾನು ಇಪ್ಪತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದವಳು. ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಕೈಯಾರೆ ಸತ್ತವರು. ಕಳ್ಳ ಬರುತ್ತಾನೋ ಇಲ್ಲವೋ, ಮನೆಯವರಂತೂ ದಿನವೂ ಮನೆಯಲ್ಲೇ ಇರುತ್ತಾರೆ. ಪುಟ್ಟನಿಗೆ ಎಂಟು ವರ್ಷ. ಅದನ್ನು ಮಾರಿಬಿಡು.

ಮಹೇಶ: ಲಾಕರಿನಲ್ಲಿದೆ ಅಕ್ಕ. 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ನಮ್ಮ ಟೆಕ್ಸಾಸ್ ರಾಜ್ಯದಲ್ಲಿ ಕೇಸು ಹಾಕುತ್ತಾರೆ. ನಾನು ಅಷ್ಟು ಬೇಜವಾಬ್ದಾರಿ ಅಲ್ಲ. 2021ರ ಸೆಪ್ಟೆಂಬರಿನಿಂದ ಇಲ್ಲಿ 21 ದಾಟಿದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಜೊತೆಗೆ ಒಯ್ಯಬಹುದು. ಆದರೂ ನಾನು ಲೈಸೆನ್ಸ್ ಪರೀಕ್ಷೆ ಬರೆದೆ. 3, 7, 15 ಗಜ ದೂರದಿಂದ ಒಟ್ಟು 50 ಗುಂಡು ಹಾರಿಸಬೇಕು. 250ಕ್ಕೆ 175 ಬಂದರೆ ಪಾಸು. ನನಗೆ 231 ಬಂತು.

ಚಿಕ್ಕಪ್ಪ: ಆ ಪರೀಕ್ಷೆ ಆಗಿ ಎಷ್ಟು ದಿನ ಆಯಿತು ಮಗಾ?

ಮಹೇಶ: ಒಂದೂವರೆ ವರ್ಷ ಚಿಕ್ಕಪ್ಪ.

ಚಿಕ್ಕಪ್ಪ: ಅದಾದ ಮೇಲೆ ಗುಂಡು ಹಾರಿಸಿ ಕಲಿಯುವ ರೇಂಜಿಗೆ ಎಷ್ಟು ಸಲ ಹೋದೆ?

ಮಹೇಶ: ಮೂರು ಸಲ. ಗುಂಡಿನ ಬೆಲೆ, ಕೆಲಸ, ಮಕ್ಕಳ ಕ್ಲಾಸು... ಅದಕ್ಕೇ ಮನೆಯಲ್ಲಿ ವಿಡಿಯೊ ನೋಡಿ ಖಾಲಿ ಪಿಸ್ತೂಲಿನಲ್ಲಿ ಮಾಡುತ್ತೇನೆ. ಬೇಗ ತೆಗೆಯುವುದನ್ನೇ ಜಾಸ್ತಿ ಮಾಡುತ್ತೇನೆ.

ಚಿಕ್ಕಪ್ಪ: ಹಾಗಾದರೆ ಆ 231 ಹಳೆಯ ಮಾತು. ಕೈ ಮರೆಯುತ್ತದೆ ಕಣೋ. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದ ನಾನೇ ರಜೆ ಮುಗಿಸಿ ಹೋದ ವಾರ ಗುರಿ ತಪ್ಪುತ್ತಿದ್ದೆ. ಕಿರಣನ ವಿಡಿಯೊ ನೋಡಿದೆ. ಅವನು ತೋರಿಸುತ್ತಿರುವುದು ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲು ಹತ್ತದೆ ಅಲ್ಲಿಗೆ ನೆಗೆದವನು ತನ್ನ ತೊಡೆಗೇ ಗುಂಡು ಹೊಡೆದುಕೊಳ್ಳುತ್ತಾನೆ.

ನಮಗೆ ಉಸ್ತಾದರು ಹೇಳಿಕೊಟ್ಟದ್ದು ಮೂರೇ ಮಾತು. ಮಜ್ಬೂತ್ ಪಕಡ್, ದುರುಸ್ತ್ ಶಿಸ್ತ್, ಸಹೀ ಟ್ರಿಗರ್ ಆಪರೇಷನ್. ಗಟ್ಟಿ ಹಿಡಿತ, ಸರಿಯಾದ ಗುರಿ, ಟ್ರಿಗರನ್ನು ಸರಿಯಾಗಿ ಒತ್ತುವುದು. ಮೊದಲ ಎರಡು ಒಂದು ವಾರದಲ್ಲಿ ಬರುತ್ತವೆ. ಮೂರನೆಯದು ಸರ್ವಿಸ್ ಮುಗಿಯುವವರೆಗೂ ಸತಾಯಿಸುತ್ತದೆ. ಗುಂಡು ಹಾರುವ ಸದ್ದಿಗೆ ಮೈ ಮೊದಲೇ ಹೆದರಿ ಕೈ ಝಟ್ಕಾ ಹೊಡೆಯುತ್ತದೆ. ಪಿಸ್ತೂಲಿನ ಬಾಯಿ ಕೆಳಗೆ ಬಗ್ಗುತ್ತದೆ. ಗುಂಡು ನೆಲಕ್ಕೆ ಹೋಗುತ್ತದೆ. ಸದ್ದಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಖಾಲಿ ಪಿಸ್ತೂಲಿನಲ್ಲಿ ಗೊತ್ತಾಗುತ್ತದೆ.

ನಾಣ್ಯ ಇಟ್ಟು ನೋಡಿದ್ದೀಯಾ? ಪಿಸ್ತೂಲಿನ ಮೇಲೆ, ತುದಿಯ ಹತ್ತಿರ, ಒಂದು ನಾಣ್ಯ ಇಡು. ಗುರಿ ಹಿಡಿದು ಟ್ರಿಗರ್ ಒತ್ತು. ಟಕ್ ಎಂದ ಮೇಲೂ ನಾಣ್ಯ ಅಲ್ಲೇ ಇರಬೇಕು. ಇಡುವವರು ಪಕ್ಕದಲ್ಲಿ ನಿಂತು ಇಡಬೇಕು, ಮುಂದೆ ಬರಬಾರದು. ಹತ್ತು ಸಲ ಒತ್ತಿ ಎಷ್ಟು ಸಲ ನಿಂತಿತು ಎಂದು ಹೇಳು. ವೇಗದ ಮಾತು ಆಮೇಲೆ ಆಡೋಣ.

ಕಿರಣ: ಅಪ್ಪ, ಆದರೆ ಕಳ್ಳ ಎದುರಿಗೆ ಬಂದಾಗ ನಾಣ್ಯ ಇಟ್ಟು ಕೂರಲು ಆಗುತ್ತದಾ? ವೇಗ ಬೇಕೇ ಬೇಕಲ್ವಾ?

ಚಿಕ್ಕಪ್ಪ: ಬೇಕು. ನಮ್ಮ ಸೈನ್ಯದ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಅದರಲ್ಲಿ ಐದು ಗುರಿಗೆ ಐದು ಗುಂಡು, ನಾಲ್ಕು ಸೆಕೆಂಡಿನಲ್ಲಿ ಹೊಡೆಯುವ ಸುತ್ತು ಇದೆ. ಅದು ಎಂಟು ಸೆಕೆಂಡಿನ ಸುತ್ತಿನಿಂದ ಶುರುವಾಗಿ, ಆರಕ್ಕೆ ಬಂದು, ಆಮೇಲೆ ನಾಲ್ಕಕ್ಕೆ ಇಳಿಯುತ್ತದೆ. ನೀನೂ ಹಾಗೇ ಇಳಿಸು. ಗುರಿ ಕೆಟ್ಟ ದಿನ ವೇಗ ತಗ್ಗಿಸು.

ರೂಪಾ: ಚಿಕ್ಕಮಾವ, ಇವರು ಹೇಳದ ವಿಷಯ ಒಂದಿದೆ. ನಾನು ಹೇಳುತ್ತೇನೆ.

ಮಹೇಶ: ರೂಪಾ, ಅದು ಇಲ್ಲಿ ಬೇಡ.

ರೂಪಾ: ಇಲ್ಲೇ ಹೇಳಬೇಕು. ಹೋದ ಯುಗಾದಿ ಹಿಂದಿನ ವಾರ ಇವರು ಮಲಗುವ ಕೋಣೆಯಲ್ಲಿ ಪ್ರಾಕ್ಟೀಸ್ ಶುರು ಮಾಡಿದರು. ಗುಂಡು ತುಂಬುವ ಡಬ್ಬಿ, ಮ್ಯಾಗಜೀನ್, ಹೊರಗೆ ತೆಗೆದಿದ್ದರು. ಖಾಲಿ ಇದೆ ಎಂದರು. ತೋರಿಸಿ ಎಂದೆ. ಊರಿಗೆ ಬಂದಾಗ ನೀವೇ ಹೇಳಿದ್ದಿರಿ, ಯಾರೇ ಖಾಲಿ ಅಂದರೂ ಕಣ್ಣಲ್ಲಿ ನೋಡು, ಬೆರಳಲ್ಲಿ ಮುಟ್ಟಿ ನೋಡು ಅಂತ. ಬೇಜಾರು ಮಾಡಿಕೊಂಡೇ ಪಿಸ್ತೂಲಿನ ಮೇಲಿನ ಜಾರುವ ಭಾಗ, ಸ್ಲೈಡ್, ಹಿಂದಕ್ಕೆ ಎಳೆದರು. ಒಳಗಿದ್ದ ಗುಂಡು ಹೊರಗೆ ಚಿಮ್ಮಿ ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿಕೊಂಡು ಹೋಯಿತು. ಟಾರ್ಚ್ ಹಾಕಿ ಹುಡುಕಿದೆ. ಹಿತ್ತಾಳೆ ಫಳಫಳ ಎನ್ನುತ್ತಿತ್ತು. ಆ ಗೋಡೆಯ ಆ ಕಡೆ ಮಕ್ಕಳು ಮಲಗಿದ್ದರು.

ಶೈಲಕ್ಕ: ದೇವರೇ.

ಮಹೇಶ: ಹೌದು. ತಪ್ಪು ನನ್ನದೇ. ಮ್ಯಾಗಜೀನ್ ತೆಗೆದರೂ ಒಳಗೆ ಒಂದು ಗುಂಡು ಉಳಿದಿರಬಹುದು ಎನ್ನುವುದು ಗೊತ್ತಿತ್ತು. ದಣಿದಿದ್ದೆ. ಇವತ್ತಿಗೂ ಆ ಸದ್ದು ಕಿವಿಯಲ್ಲಿದೆ.

ಚಿಕ್ಕಪ್ಪ: ರೂಪಾ, ನೀನು ಎರಡು ಮಕ್ಕಳನ್ನು ಉಳಿಸಿದೆ ತಾಯಿ. ಮಹೇಶ, ಈಗ ನಾನು ಹೇಳುವುದನ್ನು ಹಾಗೇ ಮಾಡು.

ದಣಿದ ದಿನ, ಕುಡಿದ ದಿನ, ಜಗಳ ಆದ ದಿನ ಮುಟ್ಟಬೇಡ. ಗುಂಡು ಬೇರೆ ಕೋಣೆಯಲ್ಲಿ, ಬೀಗದ ಒಳಗೆ ಇರಲಿ. ಪ್ರಾಕ್ಟೀಸ್ ಮಾಡುವ ಕೋಣೆಯಲ್ಲಿ ಒಂದೂ ಇರಬಾರದು. ಮ್ಯಾಗಜೀನ್ ತೆಗಿ, ಆಮೇಲೆ ಸ್ಲೈಡ್ ಎಳೆ, ನೋಡು, ಮುಟ್ಟು. ಈ ಕ್ರಮ ತಿರುವುಮುರುವು ಆಗಬಾರದು. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ ಇನ್ನೊಂದು ಗುಂಡು ಒಳಗೆ ಕೂತಿರುತ್ತದೆ. ಅಲ್ಲಿಯ ಮನೆಯ ಒಳಗೋಡೆ ಜಿಪ್ಸಮ್ ಹಲಗೆ, ಗುಂಡನ್ನು ತಡೆಯುವುದಿಲ್ಲ. ಇಟ್ಟಿಗೆಯ ಚಿಮಣಿ ಗೋಡೆ ಇದ್ದರೆ ಆ ಕಡೆ ಮುಖ ಮಾಡು. ಹತ್ತೇ ನಿಮಿಷ. ಮುಗಿದ ಮೇಲೆ "ಮುಗಿಯಿತು" ಎಂದು ಬಾಯಿಬಿಟ್ಟು ಹೇಳಿ ಲಾಕರಿಗೆ ಇಡು. ಇನ್ನೊಂದೇ ಒಂದು ಸಲ ಎಂದು ಮತ್ತೆ ಕೈ ಹಾಕುವಾಗಲೇ ಅನಾಹುತ ಆಗುವುದು.

ತಿಂಗಳಿಗೊಮ್ಮೆ ರೇಂಜಿಗೆ ಹೋಗು. 50 ಗುಂಡು ಸಾಕು. ಜೊತೆಗೆ ಬಂದವರ ಕೈಯಲ್ಲಿ ಮ್ಯಾಗಜೀನ್ ತುಂಬಿಸು, ನಡುವೆ ಒಂದೆರಡು ಡಮ್ಮಿ, ಅಂದರೆ ಸಿಡಿಯದ ಗುಂಡು, ಸೇರಿಸಲಿ. ಎಲ್ಲಿದೆ ಎಂದು ನಿನಗೆ ಗೊತ್ತಿರಬಾರದು. ಡಮ್ಮಿ ಬಂದಾಗ ಪಿಸ್ತೂಲಿನ ಬಾಯಿ ಬಗ್ಗಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಕಿರಣ: ಖಾಲಿ ಟ್ರಿಗರ್ ಒತ್ತಿದರೆ ಪಿಸ್ತೂಲು ಹಾಳಾಗುವುದಿಲ್ಲವಾ?

ಮಹೇಶ: ನನ್ನದು 9 ಎಂಎಂ, ಅದಕ್ಕೆ ಏನೂ ಆಗುವುದಿಲ್ಲ. ಚಿಕ್ಕ .22 ಗುಂಡಿನ ಪಿಸ್ತೂಲಿನಲ್ಲಿ ಮಾತ್ರ ಗುಂಡಿಗೆ ಬಡಿಯುವ ಸೂಜಿ, ಗುಂಡು ಕೂರುವ ಗೂಡಿನ ಅಂಚಿಗೆ ಬಡಿದು ಹಾಳಾಗಬಹುದು. ಕಂಪನಿಯ ಪುಸ್ತಕ ನೋಡಬೇಕು. ಸ್ನ್ಯಾಪ್ ಕ್ಯಾಪ್ ಎಂಬ ಡಮ್ಮಿ ಸಿಗುತ್ತದೆ, ಅದನ್ನೇ ಹಾಕುತ್ತೇನೆ.

ಶೈಲಕ್ಕ: ಚಿಕ್ಕಪ್ಪ, ನೀವು ಹೇಳಿದ್ದು ಸರಿ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಇಷ್ಟೆಲ್ಲ ಮಾಡಿದರೆ ಮಾತ್ರ ಅದು ಕೆಲಸಕ್ಕೆ ಬರುವುದಾದರೆ, ಮಾಡಲಾಗದ ತಿಂಗಳು ಅದು ಮನೆಯಲ್ಲಿ ಯಾಕಿರಬೇಕು?

ಚಿಕ್ಕಪ್ಪ: ಇರಬಾರದು. ನಾನೂ ಅದನ್ನೇ ಹೇಳುತ್ತೇನೆ. ಮೂರು ತಿಂಗಳು ಸತತವಾಗಿ ಆಗದಿದ್ದರೆ ಮಹೇಶ ಮಾರಲಿ.

ಮಹೇಶ: ಸರಿ ಚಿಕ್ಕಪ್ಪ.

ಶೈಲಕ್ಕ: ಇನ್ನೊಂದು. ರೂಪಾ, ನಿನಗೆ ಅದನ್ನು ಖಾಲಿ ಮಾಡಲು ಬರುತ್ತದಾ?

ರೂಪಾ: ನೋಡಲು ಗೊತ್ತು ಅತ್ತಿಗೆ. ಮಾಡಲು ಬರುವುದಿಲ್ಲ.

ಶೈಲಕ್ಕ: ಮೊದಲು ಅದನ್ನು ಕಲಿ. ಇಬ್ಬರೂ ರಕ್ತ ನಿಲ್ಲಿಸುವ ಕೋರ್ಸಿಗೂ ಹೋಗಿ. ಅಲ್ಲಿ ಸ್ಟಾಪ್ ದ ಬ್ಲೀಡ್ ಎಂದು ಹೇಳಿಕೊಡುತ್ತಾರೆ. ಟೂರ್ನಿಕೆಟ್ ಪಟ್ಟಿಯನ್ನು ಕೈ ಕಾಲಿಗೆ ಗಾಯಕ್ಕಿಂತ ಮೇಲಕ್ಕೆ, ಮೈಯ ಕಡೆಗೆ, ಬಿಗಿಯಬೇಕು, ಕೀಲಿನ ಮೇಲೆ ಅಲ್ಲ. ಕಟ್ಟಿದ ಹೊತ್ತು ಬರೆದಿಡಬೇಕು. ಪಟ್ಟಿ ತಂದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಡಿ. ಚಾಕು ತಾಗಿದರೂ ಕಾರು ಗುದ್ದಿದರೂ ಬೇಕಾಗುತ್ತದೆ.

ರೂಪಾ: ಆಗಲಿ ಅತ್ತಿಗೆ. ಇವತ್ತೇ ಹೆಸರು ಕೊಡುತ್ತೇನೆ.

(ಮರುದಿನ)

ಮಹೇಶ: ಚಿಕ್ಕಪ್ಪ, ನಾಣ್ಯ ಇಟ್ಟು ಮಾಡಿದೆ. ಹತ್ತರಲ್ಲಿ ಮೂರೇ ಸಲ ನಿಂತಿತು.

ಚಿಕ್ಕಪ್ಪ: ಬೆರಳು ಎಲ್ಲಿತ್ತು?

ಮಹೇಶ: ಮೊದಲ ಗೆಣ್ಣಿನ ಹತ್ತಿರ.

ಚಿಕ್ಕಪ್ಪ: ತುದಿಯ ಮೆತ್ತನೆಯ ಭಾಗ ಇಟ್ಟು ನೋಡು. ನೇರ ಹಿಂದಕ್ಕೆ ಒತ್ತು. ಗುಂಡು ಎಲ್ಲಿತ್ತು?

ರೂಪಾ: ಕೆಳಗಿನ ಕೋಣೆಯಲ್ಲಿ ಬೀಗದ ಒಳಗೆ, ಚಿಕ್ಕಮಾವ. ಬೀಗದ ಕೈ ನನ್ನ ಹತ್ತಿರ ಇತ್ತು. ಪಿಸ್ತೂಲನ್ನು ನಾನೂ ಮುಟ್ಟಿ ನೋಡಿದೆ.