ಒಂಟಾರಿಯೋ ಲಾಂಗ್‌ಟರ್ಮ್ ಕೇರ್: ಆರ್‌ಪಿಎನ್ ಶಿಫ್ಟ್ ನಡೆಸುವುದು ಹೇಗೆ?

ಪ್ರಶ್ನೆ: ಇಲ್ಲಿನ ಕೇರ್ ಹೋಮ್‌ಗಳಲ್ಲಿ ಒಂದಿಡೀ ಯೂನಿಟ್‌ನ ಹೊಣೆ ಆರ್‌ಪಿಎನ್ (ರಿಜಿಸ್ಟರ್ಡ್ ಪ್ರಾಕ್ಟಿಕಲ್ ನರ್ಸ್) ಮೇಲಿರುತ್ತದೆ. ಪಿಎಸ್‌ಡಬ್ಲ್ಯೂಗಳಿಗೆ (ನಿವಾಸಿಗಳ ದೈನಂದಿನ ಆರೈಕೆ ಮಾಡುವ ಸಹಾಯಕರು) ಕೆಲಸ ಹಂಚುವಾಗ ಏನು ಗಮನಿಸಬೇಕು? ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಅವರನ್ನು ಯಾವಾಗ ಕರೆಯಬೇಕು?

ಉತ್ತರ 1: ಹ್ಯಾಂಡೋವರ್ ಮುಗಿದ ಕೂಡಲೇ ಮಾತ್ರೆ ಗಾಡಿ ಹಿಡಿಯಬೇಡಿ. ಮೊದಲು ಒಂದು ಸುತ್ತು ಬನ್ನಿ: ರಾತ್ರಿ ಬಿದ್ದವರು, ಆಂಟಿಬಯೋಟಿಕ್ ಹೊಸದಾಗಿ ಶುರುವಾದವರು, ಊಟ ಬಿಟ್ಟವರು. ಪಿಎಸ್‌ಡಬ್ಲ್ಯೂಗೆ "ಅವರನ್ನ ಸ್ವಲ್ಪ ನೋಡ್ಕೊಳ್ಳಿ" ಅಂದರೆ ಏನೂ ಹೇಳಿದಂತಲ್ಲ. "10ಕ್ಕೆ ಎಡಮಗ್ಗುಲು, 12ಕ್ಕೆ ಬಲಮಗ್ಗುಲು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಕೆಂಪಾದ ಜಾಗ ಬೆರಳಲ್ಲಿ ಒತ್ತಿದರೂ ಬಿಳಿಚದಿದ್ದರೆ ಆಗಲೇ ತಿಳಿಸಿ" ಎನ್ನಿ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಾಣದೇ ಇರಬಹುದು; ಬಿಸಿ, ಗಟ್ಟಿತನ, ನೋವು ಇದೆಯೇ ಎಂದು ಮುಟ್ಟಿ ನೋಡಬೇಕು. ಇಲ್ಲಿ ತಪ್ಪಿದರೆ, ಒಂದೇ ಕಡೆ ಮಲಗಿ ಆಗುವ ಒತ್ತಡದ ಹುಣ್ಣು ಮಾಯಲು ತಿಂಗಳುಗಳೇ ಬೇಕಾಗಬಹುದು.

ಉತ್ತರ 2: ಮುಂದೇನಾಗುತ್ತದೆ ಎಂದು ಹೇಳಲಾಗದ ಸ್ಥಿತಿ ಬಂದರೆ ಆರ್‌ಎನ್‌ಗೆ ತಿಳಿಸಿ. ಒಂಟಾರಿಯೋದ 2021ರ ಲಾಂಗ್‌ಟರ್ಮ್ ಕೇರ್ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, 24 ಗಂಟೆಯೂ ಒಬ್ಬ ಆರ್‌ಎನ್ ಹೋಮ್‌ನಲ್ಲಿರಬೇಕು; ಸಂಕೋಚ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ ಕಾಯಲೇಬಾರದು. ನಿನ್ನೆವರೆಗೆ ಸರಿಯಿದ್ದವರು ಇವತ್ತು ಮಂಕಾಗಿದ್ದರೆ "ಡಿಮೆನ್ಷಿಯಾ ಅಲ್ವಾ" ಎಂದು ಬಿಡುವುದು ದೊಡ್ಡ ತಪ್ಪು. ಅದು ಡೆಲಿರಿಯಂ (ದಿಢೀರನೆ ಬರುವ ಮನಸ್ಸಿನ ಗೊಂದಲ) ಇರಬಹುದು: ಸೋಂಕು, ಮಲಬದ್ಧತೆ, ಹೊಸ ಔಷಧ, ಮೂತ್ರ ಕಟ್ಟಿರುವುದು, ಎಲ್ಲ ನೋಡಿ.

ಉತ್ತರ 3: ಒಂದು ಸೇರಿಸುತ್ತೇನೆ. ರಕ್ತದ ಶುಗರ್ 4.0 mmol/Lಗಿಂತ ಕೆಳಗಿಳಿದು, ಎಚ್ಚರವಿದ್ದು ನುಂಗಬಲ್ಲವರಾದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ನುಂಗುವ ತೊಂದರೆಯಿಂದಾಗಿ ಗಟ್ಟಿ ಮಾಡಿದ ದ್ರವವನ್ನೇ ಕುಡಿಯುವವರಿಗೆ ಗಾಬರಿಯಲ್ಲಿ ತೆಳು ಜ್ಯೂಸ್ ಕೊಟ್ಟರೆ ಶ್ವಾಸಕೋಶಕ್ಕೆ ಹೋಗಬಹುದು.