ಸಮಸ್ಯಾಪೂರಣ: ದೊರೆ ಸೋತ ದಿನವೆ ದೊರೆಯೊಬ್ಬ ಹುಟ್ಟಿದನಂತೆ

ಬ್ರಹ್ಮಪುರದ ಕಾಕಾ, ಕಲಬುರಗಿ:
ಸೆಪ್ಟೆಂಬರ್ 17 ಹತ್ತಿರ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದು 13 ತಿಂಗಳಾದ ಮೇಲೆ, ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ನಮಗೆ ಬಂದ ದಿನ. ಕೊನೆಯ ಸಾಲು ನನ್ನದು, ಮೇಲಿನ ಮೂರು ನಿಮ್ಮವು:

ದೊರೆ ಸೋತ ದಿನವೆ ದೊರೆಯೊಬ್ಬ ಹುಟ್ಟಿದನಂತೆ

ಚೌಪದಿ. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಎರಡನೇ ಅಕ್ಷರ ರಕಾರ, ಅದರ ಹಿಂದಿನದು ಲಘು. ಸೋತ ದೊರೆ ಯಾರೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹುಟ್ಟಿದವನು ಯಾರು? ಯಾವ ದೇಶದವನಾದರೂ ಸರಿ, ಯಾವ ವರ್ಷವಾದರೂ ಸರಿ, ತಾರೀಕು ಮಾತ್ರ 17 ಇರಬೇಕು.

ಬಸವಕಲ್ಯಾಣದ ಮಾಸ್ತರ್:
ಕಾಕಾ, ಒಂದು ಮಾತು. ಭಾರತದ ಸೈನ್ಯ ಒಳಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ. ನಿಜಾಮರ ಸೇನಾಪತಿ ಎಲ್ ಎದ್ರೂಸ್ ಅವರು ಭಾರತದ ಸೇನಾಧಿಕಾರಿ ಜೆ.ಎನ್. ಚೌಧುರಿ ಅವರ ಮುಂದೆ ಶರಣಾದದ್ದು 18ಕ್ಕೆ. ಹಾಗಾದರೆ 17 ಹೇಗೆ?

ಬ್ರಹ್ಮಪುರದ ಕಾಕಾ:
ಸೈನ್ಯದ ಲೆಕ್ಕ 18 ಮಾಸ್ತರ್. ನಿಜಾಮರು ಕದನ ನಿಲ್ಲಿಸಿ ಸೋಲು ಒಪ್ಪಿದ್ದು 17ಕ್ಕೆ. ಸಾಲಿನಲ್ಲಿ ಸೋತವನು ದೊರೆ, ಸೈನ್ಯ ಅಲ್ಲ.

ಬಸವಕಲ್ಯಾಣದ ಮಾಸ್ತರ್:
ಒಪ್ಪಿದೆ. ನಮ್ಮ ಕಡೆಯ ಗೋರಟಾದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ನಿಜಾಮರ ಪರ ನಿಂತ ಶಸ್ತ್ರಧಾರಿ ರಜಾಕಾರರು ಮಾಡಿದ ಹತ್ಯಾಕಾಂಡದ ನೆನಪು ಇನ್ನೂ ಹಸಿಯಾಗಿದೆ. ಸೆಪ್ಟೆಂಬರ್ ಆದ ಮೇಲೂ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಅತ್ತರು. ಅದಕ್ಕೇ ತಾರೀಕಿನ ಬಗ್ಗೆ ಇಷ್ಟು ಕೇಳಿದೆ.

ಗಂಜಿನ ತಮ್ಮ:
ನನ್ನ ದೊರೆ ಜೋಶುವಾ ನಾರ್ಟನ್. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ. ಊರಲ್ಲಿ ಅಕ್ಕಿ ತುಟ್ಟಿಯಾಗಿತ್ತು. ಪೆರುವಿನಿಂದ ಬಂದ ಒಂದು ಹಡಗು ಅಕ್ಕಿ ಹಿಡಿದ. ಹಿಂದೆಯೇ ಇನ್ನಷ್ಟು ಹಡಗು ಬಂದವು, ದರ ಬಿತ್ತು. ತೊಗರಿ ದರ ನೋಡಿ ಬೆಳೆದವನು ನಾನು, ಆ ಸಂಕಟ ಗೊತ್ತು. 1859ರ ಸೆಪ್ಟೆಂಬರ್ 17ರಂದು ತಾನೇ ಅಮೆರಿಕದ ಸಾಮ್ರಾಟ ಎಂದು ಪತ್ರಿಕೆಗೆ ಬರೆದುಕೊಟ್ಟ. ಅವರು ಅಚ್ಚು ಹಾಕಿದರು. ಮುಂದೆ ಅವನು ಹೊರಡಿಸಿದ ನೋಟನ್ನು ಊರಿನ ಕೆಲವು ಅಂಗಡಿಯವರು ತಗೊಂಡರು ಕೂಡ!

ದರ ಬಿದ್ದು ಅಕ್ಕಿಯಲಿ ಎಲ್ಲ ಕಳೆದವನೊಬ್ಬ
ಬರೆದು ಕೊಟ್ಟನು ಪತ್ರಿಕೆಗೆ: ನಾನೇ ಸಾಮ್ರಾಟ!
ವರುಷ ಬೇರಾದರೂ ತಾರೀಕು ಹದಿನೇಳೆ,
ದೊರೆ ಸೋತ ದಿನವೆ ದೊರೆಯೊಬ್ಬ ಹುಟ್ಟಿದನಂತೆ

ಬ್ರಹ್ಮಪುರದ ಕಾಕಾ:
ಭಾಳ ಚಲೋ! ಎರಡನೇ ಸಾಲಿನ ಮೂರನೇ ಗಣ ನೋಡು. ‘ಕೆಗೆ ನಾನೇ’, ಆರು ಮಾತ್ರೆ. ಒಂದು ಜಾಸ್ತಿ. ‘ನಾನೆ’ ಮಾಡು, ಸರಿಹೋಗುತ್ತದೆ.

ಬಸವಕಲ್ಯಾಣದ ಮಾಸ್ತರ್:
ನನ್ನ ದೊರೆ ಕಣ್ಣಿಗೆ ಕಾಣುವುದಿಲ್ಲ. ಡೆಲ್ಫ್ಟ್ ಊರಿನ ಲೇವನ್‌ಹುಕ್ ಅರಿವೆ ವ್ಯಾಪಾರಿ. ಹಲ್ಲಿನ ಕೊಳೆಯನ್ನು ತಾನೇ ಮಾಡಿದ ಮಸೂರದಲ್ಲಿ ನೋಡಿದ. ಅದರಲ್ಲಿ ಜೀವಿಗಳು ಓಡಾಡುತ್ತಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ 1683ರ ಸೆಪ್ಟೆಂಬರ್ 17ರಂದು ಪತ್ರ ಬರೆದ.

ಬರಿಗಣ್ಗೆ ಕಾಣದವ ಹಲ್ಲ ಸಂದಿಯೊಳಿದ್ದ
ಅರಿವೆಯಂಗಡಿಯವನು ಗಾಜಿನಲಿ ಕಂಡಾಗ
ಕಿರಿಯರಲಿ ಕಿರಿಯನಿಗೆ ಹಿರಿಯ ಪಟ್ಟವು ಬಂತು,
ದೊರೆ ಸೋತ ದಿನವೆ ದೊರೆಯೊಬ್ಬ ಹುಟ್ಟಿದನಂತೆ

ಗಂಜಿನ ತಮ್ಮ:
ಮಾಸ್ತರ್, ‘ಅರಿವೆಯಂಗಡಿ’ಗೆ ನನ್ನ ನಮಸ್ಕಾರ. ಆದರೆ ಅವನು ಕಂಡದ್ದು ಮೊದಲೇ, 17ಕ್ಕೆ ಬರೆದದ್ದು ಅಲ್ವಾ?

ಬಸವಕಲ್ಯಾಣದ ಮಾಸ್ತರ್:
ನಿಜ. ಲೋಕಕ್ಕೆ ಹೇಳಿದ ದಿನವನ್ನೇ ಹುಟ್ಟು ಅಂದುಕೊಂಡೆ.

ಶಹಾಪುರದ ತಂಗಿ, ಯಾದಗಿರಿ ಜಿಲ್ಲೆ:
ಕಾಕಾ, ನಾನು ದೂರ ಹೋಗಲಿಲ್ಲ. 1787ರ ಇದೇ ದಿನ ಅಮೆರಿಕದವರು ತಮ್ಮ ಸಂವಿಧಾನಕ್ಕೆ ಸಹಿ ಹಾಕಿದರು ಎಂದು ಓದಿದಾಗ ನಮ್ಮ ಮುತ್ಯಾ (ಅಜ್ಜ) ನೆನಪಾದರು. 1951–52ರ ಮೊದಲ ಚುನಾವಣೆಯಲ್ಲಿ ಓಟು ಹಾಕಿದವರು. ಆ ಕಥೆಯನ್ನು ಆಯಿ ಪ್ರತಿ ವರ್ಷ ಬಾವುಟ ಏರುವ ಹೊತ್ತಿಗೆ ಹೇಳುತ್ತಿದ್ದರು.

ಹರಕಂಗಿ ಮುತ್ಯಾನು ಮತದ ಚೀಟಿಯ ಹಿಡಿದು
ಸರತಿಯಲಿ ನಿಂತಿದ್ದ ತಲೆಯೆತ್ತಿ ಮೊದಲ ಸಲ
ಕರೆದು ಹೇಳಿದಳಾಯಿ, ಹದಿನೇಳು ಬಂದಾಗ:
ದೊರೆ ಸೋತ ದಿನವೆ ದೊರೆಯೊಬ್ಬ ಹುಟ್ಟಿದನಂತೆ

ಬ್ರಹ್ಮಪುರದ ಕಾಕಾ:
ತಂಗಿ, ಸಾಲು ಕೊಟ್ಟಾಗ ಈ ದೊರೆ ನನಗೆ ಹೊಳೆದಿರಲಿಲ್ಲ. ಎರಡು ಸಲ ಓದಿದೆ, ಕಣ್ಣು ತುಂಬಿತು. 17ರ ಬೆಳಿಗ್ಗೆ ನಮ್ಮ ಓಣಿಯ ಹುಡುಗರ ಕೈಲಿ ಇದನ್ನು ಓದಿಸಲಾ?

ಶಹಾಪುರದ ತಂಗಿ:
ಓದಿಸಿ ಕಾಕಾ. ‘ಆಯಿ’ಯನ್ನು ಮಾತ್ರ ‘ಅಜ್ಜಿ’ ಮಾಡಬೇಡಿ.